ವಿಜ್ಞಾನದ ಪೀರಿಯಡ್‌ಗೆ ಮೆದುಳಿನ ವಿಜ್ಞಾನ

ನನ್ನ ವಿಜ್ಞಾನದ ಪೀರಿಯಡ್‌ನ ಮೊದಲ ಐದು ನಿಮಿಷ ಯಾರೂ ಪುಸ್ತಕ ತೆರೆಯುವಂತಿಲ್ಲ. ನಾನು ಕೊಟ್ಟ ಚೀಟಿ ನೋಡಿ ತರಗತಿಯ ನಾಯಕಿ ನಾಲ್ಕು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದಿಟ್ಟಿರುತ್ತಾಳೆ. ಎರಡು ನಿನ್ನೆಯ ಪಾಠದವು, ಒಂದು ಹೋದ ವಾರದ್ದು, ಮತ್ತೊಂದು ಎಲ್ಲರೂ ಮರೆತು ಕೈತೊಳೆದುಕೊಂಡಿರುವ ಒಂದೆರಡು ತಿಂಗಳ ಹಿಂದಿನದು. ನಾನು ಹಾಜರಿ ಹಾಕುವಷ್ಟರಲ್ಲಿ ಮಕ್ಕಳು ಒಂದು ಹಾಳೆಯ ಮೇಲೆ ಉತ್ತರ ಬರೆಯುತ್ತಾರೆ. ಆಮೇಲೆ ಉತ್ತರಗಳನ್ನು ಒಟ್ಟಿಗೆ ನೋಡುತ್ತೇವೆ; ತಮ್ಮದನ್ನು ತಾವೇ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳುತ್ತಾರೆ. ಅಂಕವಿಲ್ಲ, ನನ್ನ ಬಳಿ ದಾಖಲೆಯೂ ಇಲ್ಲ. ಹಾಳೆ ಅವರದೇ.

ಮೆದುಳಿನ ಬಗ್ಗೆ ಓದಿ ನಿಮ್ಮ ಪಾಠದಲ್ಲಿ ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಐದು ನಿಮಿಷವನ್ನೇ. ಕೇಳಿದವರಿಗೆ ಸಾಮಾನ್ಯವಾಗಿ ನಿರಾಸೆಯಾಗುತ್ತದೆ. ಬಣ್ಣ ಬಣ್ಣದ ಸ್ಕ್ಯಾನ್ ಚಿತ್ರ, ಡೋಪಮೈನ್, ನರಕೋಶಗಳ ಜಾಲ ಎಂದೆಲ್ಲ ನಿರೀಕ್ಷಿಸಿ ಬಂದವರ ಮುಂದೆ ನಾಲ್ಕು ಪ್ರಶ್ನೆಗಳ ಚೀಟಿ ಹಿಡಿದರೆ ಇನ್ನೇನಾಗುತ್ತದೆ? ಆದರೆ ಓದಿದ್ದರಲ್ಲಿ ಹೆಚ್ಚು ಕಾಲ ನನ್ನ ಜೊತೆ ಉಳಿದದ್ದು, ಹೆಚ್ಚು ಮಕ್ಕಳಿಗೆ ಉಪಯೋಗಕ್ಕೆ ಬಂದದ್ದು ಇದೇ.

ಇದರ ಹಿಂದಿರುವ ಒಂದು ಪ್ರಯೋಗ 2006ರದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಕೊಟ್ಟರು. ಒಂದು ಗುಂಪಿನವರು ನಾಲ್ಕು ಅವಧಿಗಳಲ್ಲೂ ಅದನ್ನೇ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಗದ್ಯವನ್ನು ನೋಡದೆ ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ: ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು. ಓದಿ ಓದಿ ಕಲಿತವರಲ್ಲಿ ಉಳಿದದ್ದು ಶೇ. 40, ನೆನಪಿಸಿಕೊಂಡು ಬರೆದವರಲ್ಲಿ ಶೇ. 61. ಇನ್ನೊಂದು ವಿಷಯವೂ ಅಲ್ಲಿತ್ತು. ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ಮಾತನಾಡಿದವರು ಓದಿ ಓದಿ ಕಲಿತವರು.

ನನ್ನ ಗಮನ ನಿಂತದ್ದು ಆ ಭರವಸೆಯ ಮೇಲೆ. ತರಗತಿಯಲ್ಲಿ ಶಿಕ್ಷಕರು ನೋಡುವುದೆಲ್ಲ ಐದು ನಿಮಿಷದ ಫಲಿತಾಂಶವನ್ನು. ಚೆನ್ನಾಗಿ ವಿವರಿಸಿದೆವು, ಮಕ್ಕಳು ತಲೆಯಾಡಿಸಿದರು, "ಅರ್ಥವಾಯಿತೇ?" ಎಂದರೆ "ಆಯಿತು ಮೇಡಂ" ಎಂದರು. ಅವರು ಸುಳ್ಳು ಹೇಳುತ್ತಿಲ್ಲ, ಆ ಕ್ಷಣಕ್ಕೆ ನಿಜವಾಗಿಯೂ ಅರ್ಥವಾಗಿರುತ್ತದೆ. ಕೇಳುತ್ತಿರುವಾಗ ಸಲೀಸಾಗಿ ತಲೆಯೊಳಗೆ ಹೋದದ್ದು ಅಲ್ಲೇ ಉಳಿಯುತ್ತದೆ ಎಂದು ಮೆದುಳು ತನಗೆ ತಾನೇ ನಂಬಿಸಿಕೊಳ್ಳುತ್ತದೆ. ಶಿಕ್ಷಕರ ಮೆದುಳೂ ಇದಕ್ಕೆ ಹೊರತಲ್ಲ. ಹಾಗಾಗಿ ಪಾಠದ ಕೊನೆಯಲ್ಲಿ "ಅರ್ಥವಾಯಿತೇ?" ಎಂದು ಕೇಳುವುದನ್ನು ಬಿಟ್ಟೆ. ಅದರ ಉತ್ತರದಿಂದ ನನಗೆ ಏನೂ ತಿಳಿಯುತ್ತಿರಲಿಲ್ಲ.

ಪ್ರಶ್ನೆ ಕೇಳುವುದರಲ್ಲಿ ಹೊಸತೇನಿದೆ ಎನ್ನಬಹುದು. ವ್ಯತ್ಯಾಸ ಎರಡು ಕಡೆ ಇದೆ. ಬಾಯಿಮಾತಿನಲ್ಲಿ ಕೇಳಿದರೆ ಮುಂದಿನ ಬೆಂಚಿನ ಮೂವರು ಕೈಯೆತ್ತುತ್ತಾರೆ, ಒಬ್ಬಳು ಹೇಳುತ್ತಾಳೆ. ನೆನಪಿನಿಂದ ಹೊರಗೆಳೆಯುವ ಶ್ರಮ ಪಟ್ಟವಳು ಅವಳೊಬ್ಬಳೇ. ಬರೆಯಲು ಹೇಳಿದರೆ ನಲವತ್ತು ತಲೆಗಳೂ ಆ ಶ್ರಮ ಪಡಬೇಕು. ಇನ್ನು ಎರಡನೆಯದು, ಪ್ರಶ್ನೆ ಎಂಥದ್ದು ಎಂಬುದು. "ಸರಣಿ ಜೋಡಣೆ ಎಂದರೇನು?" ಎಂದು ಕೇಳಿದರೆ ಬಾಯಿಪಾಠದ ಒಂದು ಸಾಲು ಬರುತ್ತದೆ. "ಸರಣಿಯಲ್ಲಿರುವ ಮೂರು ಬಲ್ಬುಗಳಲ್ಲಿ ನಡುವಿನದನ್ನು ಬಿಚ್ಚಿದರೆ ಉಳಿದ ಎರಡು ಏನಾಗುತ್ತವೆ, ಏಕೆ?" ಎಂದರೆ ಅದೇ ವಿಷಯವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಬೇಕಾಗುತ್ತದೆ. ಇಂಥ ಪ್ರಶ್ನೆ ಬರೆಯುವುದು ಪಾಠ ವಿವರಿಸುವುದಕ್ಕಿಂತ ಕಷ್ಟ. ನನ್ನ ತಯಾರಿಯ ಹೆಚ್ಚಿನ ಸಮಯ ಈಗ ಹೋಗುವುದು ಇದಕ್ಕೇ.

ಪ್ರಶ್ನೆ ಎಷ್ಟು ಕಷ್ಟವಿರಬೇಕು ಎಂಬುದಕ್ಕೆ ಸೂತ್ರವಿಲ್ಲ, ಕೈಯಳತೆಯೇ. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಹಾಳೆ ಖಾಲಿಯಿದ್ದರೆ ಅಲ್ಲಿ ನೆನಪಿಸಿಕೊಳ್ಳುವ ಕೆಲಸ ನಡೆಯಲಿಲ್ಲ ಎಂದೇ ಅರ್ಥ. ಆಗ ಒಂದು ಸುಳಿವು ಕೊಡುತ್ತೇನೆ: ಪದದ ಮೊದಲ ಅಕ್ಷರ, ಅರ್ಧ ಬಿಡಿಸಿದ ಚಿತ್ರ, ಅಥವಾ "ಮೇಣದಬತ್ತಿಯ ಮೇಲೆ ಗ್ಲಾಸು ಮುಚ್ಚಿದ್ದೆವಲ್ಲ, ಆ ದಿನದ್ದು" ಎಂಬ ಒಂದು ಮಾತು. ಸುಳಿವು ಸಿಕ್ಕ ಕೂಡಲೇ ಪೆನ್ನುಗಳು ಓಡತೊಡಗುವುದನ್ನು ನೋಡಿದರೆ, ಮರೆತಿದ್ದೇವೆ ಎಂದುಕೊಂಡ ಎಷ್ಟೋ ವಿಷಯ ಒಳಗೇ ಇದೆ, ದಾರಿ ಮಾತ್ರ ಮಸುಕಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅಂಕ ಕೊಡದಿರುವುದಕ್ಕೂ ಕಾರಣವಿದೆ. ಗಣಿತದ ಭಯದ ಬಗ್ಗೆ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನು: ಲೆಕ್ಕ ಬಿಡಿಸುವಾಗಿನ ಆತಂಕ, ಲೆಕ್ಕಕ್ಕೆ ಬೇಕಾದ ಕ್ಷಣಕಾಲದ ನೆನಪಿನ ಜಾಗವನ್ನೇ ಕಬಳಿಸುತ್ತದೆ. ಹೆದರಿದ ಮಗುವಿಗೆ ದಡ್ಡತನ ಬಂದಂತೆ ಕಾಣುವುದು ಇದರಿಂದ. ಈ ಐದು ನಿಮಿಷಕ್ಕೆ ಅಂಕ ಸೇರಿಸಿದ್ದರೆ ಅದು ಪ್ರತಿದಿನದ ಪರೀಕ್ಷೆಯಾಗಿ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಮೊದಲು ಓಡಿಸುತ್ತಿತ್ತು. ಕೆಲವು ಪೋಷಕರು "ಅಂಕವಿಲ್ಲದಿದ್ದರೆ ಮಕ್ಕಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಯೇ?" ಎಂದು ಕೇಳಿದ್ದುಂಟು. ತೆಗೆದುಕೊಳ್ಳುತ್ತಾರೆ. ನಿನ್ನೆ ಗೊತ್ತಿದ್ದದ್ದು ಇಂದು ಗೊತ್ತಿಲ್ಲ ಎಂದು ತಮ್ಮ ಹಾಳೆಯಲ್ಲೇ ನೋಡುವುದು ಹದಿಮೂರು ವರ್ಷದವರಿಗೆ ಸಾಕಷ್ಟು ಗಂಭೀರ ವಿಷಯ.

ಹಳೆಯ ಪಾಠದ ಪ್ರಶ್ನೆಯನ್ನು ಯಾವಾಗ ಮತ್ತೆ ತರಬೇಕು? ಇಲ್ಲಿ ಎಲ್ಲರೂ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅವರ ಮರೆವಿನ ರೇಖೆಯನ್ನು, ಅಂದರೆ ಕಲಿತದ್ದು ದಿನ ಕಳೆದಂತೆ ಎಷ್ಟು ಮರೆತುಹೋಗುತ್ತದೆ ಎಂಬ ನಕ್ಷೆಯನ್ನು ತೋರಿಸುತ್ತಾರೆ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ, ಕಲಿತದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಆದ್ದರಿಂದ "ಮಕ್ಕಳು ಒಂದೇ ದಿನದಲ್ಲಿ ಪಾಠದ ಮುಕ್ಕಾಲು ಭಾಗ ಮರೆಯುತ್ತಾರೆ" ಎಂದು ಸ್ಲೈಡಿನಲ್ಲಿ ಹಾಕುವವರನ್ನು ಕಂಡರೆ ನನಗೆ ರೇಗುತ್ತದೆ. ಅರ್ಥವಿರುವ ಪಾಠ ಅಷ್ಟು ವೇಗವಾಗಿ ಕರಗುವುದಿಲ್ಲ. ಆದರೆ ಅವರು ಅಳೆದ ರೀತಿ ಸೊಗಸಾಗಿದೆ. ಎಷ್ಟು ನೆನಪಿದೆ ಎಂದು ಕೇಳುವ ಬದಲು, ಎರಡನೆಯ ಸಲ ಕಲಿಯಲು ಎಷ್ಟು ಸಮಯ ಉಳಿಯಿತು ಎಂದು ಅವರು ನೋಡಿದರು. ತಿಂಗಳು ಕಳೆದ ಮೇಲೂ ಸುಮಾರು ಐದನೆಯ ಒಂದು ಭಾಗದಷ್ಟು ಉಳಿತಾಯವಿತ್ತು. ಪೂರ್ತಿ ಅಳಿಸಿಹೋದಂತೆ ಕಂಡದ್ದೂ ಎರಡನೆಯ ಸಲ ಬೇಗ ತಲೆಗೆ ಹತ್ತುತ್ತದೆ.

ಅಂತರ ಕೊಟ್ಟು ಕಲಿಯುವುದು ಏಕೆ ಫಲಿಸುತ್ತದೆ ಎಂಬುದರ ಬಗ್ಗೆ ನಿಜವಾದ ಮೆದುಳಿನ ವಿಜ್ಞಾನವೂ ಏನೋ ಹೇಳುತ್ತದೆ. 2000ದಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಎರಿಕ್ ಕ್ಯಾಂಡೆಲ್ ತಮ್ಮ ಬಹುಪಾಲು ಕೆಲಸ ಮಾಡಿದ್ದು ಅಪ್ಲೀಸಿಯಾ ಎಂಬ, ಬಸವನಹುಳುವಿನ ಬಳಗಕ್ಕೆ ಸೇರಿದ ಕಡಲಜೀವಿಯ ಮೇಲೆ. ಅದಕ್ಕೆ ಒಂದೇ ಸಮನೆ ಕೊಟ್ಟ ತರಬೇತಿಗಿಂತ ಬಿಡುವು ಬಿಟ್ಟು ಕೊಟ್ಟ ತರಬೇತಿ ಹೆಚ್ಚು ಕಾಲ ನಿಂತಿತು. ಅಲ್ಪಕಾಲದ ನೆನಪಿಗೆ ಇರುವ ಸಂಪರ್ಕಗಳು ತುಸು ಬಿಗಿಯಾದರೆ ಸಾಕು; ದೀರ್ಘಕಾಲದ ನೆನಪಿಗೆ ನರಕೋಶ ಹೊಸ ಪ್ರೋಟೀನ್ ತಯಾರಿಸಬೇಕು, ಹೊಸ ಸಂಪರ್ಕಗಳು ಬೆಳೆಯಬೇಕು. ಈ ಕಟ್ಟೋಣಕ್ಕೆ ಸಮಯ ಹಿಡಿಯುತ್ತದೆ. ಇದನ್ನು ಮಕ್ಕಳಿಗೂ ಹೇಳುತ್ತೇನೆ, ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ ಮಾಡುವಾಗ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವನ್ನೂ ಓದುವುದು ಏಕೆ ಸಾಲದು ಎಂಬ ಉಪದೇಶಕ್ಕಿಂತ ಪ್ರೋಟೀನ್ ಕಥೆ ಅವರಿಗೆ ಚೆನ್ನಾಗಿ ತಾಗುತ್ತದೆ. ನಿದ್ದೆಯ ಮಾತು ಕೂಡ ಅಲ್ಲೇ ಬರುತ್ತದೆ. ಹಿಪೊಕ್ಯಾಂಪಸ್ ಎಂಬುದು ನೆನಪಿಗೆ ಮುಖ್ಯವಾದ ಮೆದುಳಿನ ಒಂದು ಭಾಗ. ಓಡಾಡಿದ ಜಾಗಗಳನ್ನು ಗುರುತಿಸುವ ಇಲಿಯ ಹಿಪೊಕ್ಯಾಂಪಸ್ ಕೋಶಗಳು, ಅದು ಮಲಗಿದಾಗ ಹಗಲಿನಂತೆಯೇ ಮತ್ತೆ ಒಟ್ಟೊಟ್ಟಿಗೆ ಮಿಡಿಯುತ್ತವೆ ಎಂದು ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲೇ ತೋರಿಸಿದರು. ಹದಿಹರೆಯದವರನ್ನು ಬೇಗ ಮಲಗಿಸುವುದು ನನ್ನ ಕೈಯಲ್ಲಿಲ್ಲ; ಕತೆ ಹೇಳುವುದು ಮಾತ್ರ ನನ್ನ ಕೆಲಸ.

ಅಂತರದ ಲೆಕ್ಕಕ್ಕೆ ನಾನು ನೆಚ್ಚಿಕೊಂಡದ್ದು ನಿಕೊಲಸ್ ಸೆಪೀಡಾ ಮತ್ತು ಸಂಗಡಿಗರ 2008ರ ಅಧ್ಯಯನವನ್ನು. ಒಂದು ವಾರ ನೆನಪಿರಬೇಕಾದರೆ ಎರಡು ಓದುಗಳ ನಡುವಿನ ಅಂತರ ಆ ಅವಧಿಯ ಶೇ. 20ರಿಂದ 40ರಷ್ಟು, ಒಂದು ವರ್ಷ ನೆನಪಿರಬೇಕಾದರೆ ಶೇ. 5ರಿಂದ 10ರಷ್ಟು ಇದ್ದಾಗ ಫಲ ಹೆಚ್ಚು. ಅಂದರೆ ವರ್ಷದ ಕೊನೆಯ ಪರೀಕ್ಷೆಗೆ ಬೇಕಾದ ವಿಷಯ ಸುಮಾರು ಮೂರರಿಂದ ಐದು ವಾರಗಳ ನಂತರ ಮತ್ತೊಮ್ಮೆ ಎದುರಿಗೆ ಬರಬೇಕು. ಇದಕ್ಕಾಗಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪಾಠವಾದ ದಿನ ಮತ್ತು ಪ್ರಶ್ನೆ, ಬಲಗಡೆ ಮೂರು ಮನೆಗಳು. ಪ್ರಶ್ನೆ ಮತ್ತೆ ಬಂದ ದಿನಾಂಕಗಳು ಅಲ್ಲಿ ತುಂಬುತ್ತವೆ. ಎರಡು ಸಲ ಬಹುತೇಕ ಎಲ್ಲರೂ ಸರಿ ಬರೆದ ಪ್ರಶ್ನೆಗೆ ಅಡ್ಡಗೆರೆ. ಬೀಳದೆ ಉಳಿಯುವವು ಪ್ರತಿವರ್ಷವೂ ಹೆಚ್ಚುಕಡಿಮೆ ಅವೇ: ರಾಶಿ ಮತ್ತು ತೂಕದ ವ್ಯತ್ಯಾಸ, ಸಸ್ಯಗಳೂ ಉಸಿರಾಡುತ್ತವೆ ಎಂಬುದು, ವಿದ್ಯುತ್ ಪ್ರವಾಹ ಬಲ್ಬಿನಲ್ಲಿ 'ಖರ್ಚಾಗುವುದಿಲ್ಲ' ಎಂಬುದು.

ಇಷ್ಟು ನೆನಪಿಸಿಕೊಳ್ಳುವ ಮಾತಾಯಿತು. ಹೊಸ ಪಾಠ ಹೇಳುವ ರೀತಿಯನ್ನು ಬದಲಿಸಿದ್ದು ಇನ್ನೊಂದು ವಿಷಯ: ಕ್ಷಣಕಾಲದ ನೆನಪು, ವರ್ಕಿಂಗ್ ಮೆಮೊರಿ. ಜಾರ್ಜ್ ಮಿಲ್ಲರ್ 1956ರಲ್ಲಿ ಅದರ ಮಿತಿಯನ್ನು ಏಳರ ಆಸುಪಾಸು ಎಂದರು. ನೆಲ್ಸನ್ ಕೋವನ್ 2001ರಲ್ಲಿ ಸುಮಾರು ನಾಲ್ಕಕ್ಕೆ ಇಳಿಸಿದರು. ನಾಲ್ಕೇ ಸಂಗತಿಗಳು! ನಮಗೆ ಒಂದು ಎನಿಸಿದ್ದು ಮಗುವಿಗೆ ಐದಾಗಿರಬಹುದು ಎಂಬುದನ್ನು ಗಮನಿಸಿದರೆ ಅನೇಕ ಒಗಟುಗಳು ಬಿಡಿಸಿಕೊಳ್ಳುತ್ತವೆ. ಎಷ್ಟೋ ವರ್ಷ ಕಲಿಸಿದವರಿಗೆ 'ಮಸೂರದ ಲೆಕ್ಕ' ಎಂಬುದು ಒಂದೇ ಉಂಡೆ. ಹೊಸಬರಿಗೆ ಚಿಹ್ನೆಯ ನಿಯಮ, ಸೂತ್ರ, ಭಿನ್ನರಾಶಿ, ಏಕಮಾನ, ಚಿತ್ರ ಎಲ್ಲ ಬಿಡಿಬಿಡಿ.

ಒಂದು ಲೆಕ್ಕವನ್ನೇ ನೋಡೋಣ. ಪೀನ ಮಸೂರದ ಸಂಗಮದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಮೊದಲು ವಸ್ತುದೂರಕ್ಕೆ ಋಣ ಚಿಹ್ನೆ ಹಾಕಬೇಕು. ಆಮೇಲೆ ಸೂತ್ರವನ್ನು ಮರುಜೋಡಿಸಬೇಕು. 1/10ರಿಂದ 1/15 ಕಳೆಯಬೇಕು, ಅದಕ್ಕೆ ಲಘುತಮ ಸಾಮಾನ್ಯ ಅಪವರ್ತ್ಯ ಬೇಕು. 1/30 ಬಂತು. ಇಲ್ಲಿ ನಿಂತುಬಿಡುವವರು ತರಗತಿಗೆ ಹತ್ತು ಮಂದಿಯಾದರೂ ಇರುತ್ತಾರೆ. ಅದನ್ನು ತಿರುವಿ 30 ಸೆಂ.ಮೀ. ಎಂದು ಬರೆಯುವಷ್ಟರಲ್ಲಿ ತಾವು ಹುಡುಕುತ್ತಿದ್ದದ್ದು ಏನು ಎಂಬುದೇ ತಲೆಯಿಂದ ಜಾರಿರುತ್ತದೆ. ನಾವು ಅದನ್ನು ಅಜಾಗರೂಕತೆ ಎಂದು ಕರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ಹೆಚ್ಚಿನ ಸಲ ಅದು ಜಾಗದ ಕೊರತೆ.

ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ 1980ರ ದಶಕದಿಂದ ಇದೇ ವಿಷಯದ ಮೇಲೆ ಕೆಲಸ ಮಾಡಿದವರು. ಹೊಸಬರಿಗೆ ಲೆಕ್ಕ ಕೊಟ್ಟು ಬಿಡಿಸಿ ಎನ್ನುವುದಕ್ಕಿಂತ, ಬಿಡಿಸಿದ ಲೆಕ್ಕಗಳನ್ನು ಅಭ್ಯಾಸ ಮಾಡಲು ಕೊಟ್ಟರೆ ಕಲಿಕೆ ಬೇಗ ಆಗುತ್ತದೆ ಎಂಬುದು ಅವರ ಮುಖ್ಯ ಮಾತುಗಳಲ್ಲಿ ಒಂದು. ನಾನು ಮಾಡುವುದು ಹೀಗೆ. ಮೊದಲ ಲೆಕ್ಕ ಬೋರ್ಡಿನ ಮೇಲೆ ಪೂರ್ತಿ ಬಿಡಿಸಿಟ್ಟದ್ದು. ಮಕ್ಕಳು ಬರೆದುಕೊಳ್ಳುವುದಿಲ್ಲ, ಪ್ರತಿ ಸಾಲಿನ ಪಕ್ಕ ಆ ಸಾಲು ಏಕೆ ಬಂತು ಎಂದು ಜೋಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಬೇಕು. ಎರಡನೆಯ ಲೆಕ್ಕದಲ್ಲಿ ಕೊನೆಯ ಸಾಲು ಮಾತ್ರ ಖಾಲಿ, ಆ ತಿರುವುವ ಸಾಲು. ಮೂರನೆಯದರಲ್ಲಿ ಕೊನೆಯ ಎರಡು ಸಾಲು. ಹೀಗೆ ಹಿಂದಿನಿಂದ ಮುಂದಕ್ಕೆ ಖಾಲಿ ಜಾಗ ಬೆಳೆದು ಕೊನೆಗೆ ಪ್ರಶ್ನೆಯೊಂದೇ ಉಳಿಯುತ್ತದೆ. ಚುರುಕಾದ ಮಕ್ಕಳಿಗೆ ಇದು ಬೇಸರ ತರಿಸುತ್ತದೆ, ನಿಜವೇ. ವಿಷಯ ಗೊತ್ತಿರುವವರಿಗೆ ಬಿಡಿಸಿದ ಲೆಕ್ಕದಿಂದ ಲಾಭವಿಲ್ಲ, ಕೆಲವೊಮ್ಮೆ ಅಡ್ಡಿಯೂ ಆಗುತ್ತದೆ ಎಂಬುದು ಇದೇ ಸಂಶೋಧನೆಯ ಇನ್ನೊಂದು ಮುಖ. ಅವರು ಎರಡನೆಯ ಲೆಕ್ಕದಿಂದ ನೇರ ಕೊನೆಯದಕ್ಕೆ ಹೋಗಬಹುದು.

ಚಿತ್ರಗಳ ವಿಷಯದಲ್ಲಿ ಬದಲಾವಣೆ ಸಣ್ಣದು, ಆದರೆ ಕೂಡಲೇ ಕಾಣುವಂಥದ್ದು. ಹೃದಯದ ಚಿತ್ರದ ಮೇಲೆ ಒಂದರಿಂದ ಹನ್ನೊಂದರವರೆಗೆ ಸಂಖ್ಯೆ, ಕೆಳಗೆ ಪಟ್ಟಿಯಲ್ಲಿ ಹೆಸರುಗಳು: ಇದು ಅಚ್ಚಿಗೆ ಅನುಕೂಲ, ಕಲಿಯುವವರಿಗೆ ಕಾಟ. ಆರು ಎಂದರೆ ಯಾವುದು ಎಂದು ಕಣ್ಣು ಕೆಳಗಿಳಿದು ಮೇಲೆ ಬರುವಷ್ಟರಲ್ಲಿ ರಕ್ತ ಯಾವ ಕಡೆಯಿಂದ ಬರುತ್ತಿತ್ತು ಎಂಬುದು ಮರೆತಿರುತ್ತದೆ. ಈಗ ನಾನು ಬೋರ್ಡಿನ ಮೇಲೆ 'ಬಲ ಹೃತ್ಕರ್ಣ', 'ಎಡ ಹೃತ್ಕುಕ್ಷಿ' ಎಂಬ ಹೆಸರುಗಳನ್ನು ಆಯಾ ಕೋಣೆಯ ಒಳಗೇ ಬರೆಯುತ್ತೇನೆ. ರಕ್ತದ ದಾರಿಯನ್ನು ಬಾಯಲ್ಲಿ ಹೇಳುತ್ತಾ ಬಾಣ ಎಳೆಯುತ್ತೇನೆ. ಅದೇ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಓದುವುದಿಲ್ಲ. ಕಿವಿಗೂ ಕಣ್ಣಿಗೂ ಒಂದೇ ವಾಕ್ಯ ಕೊಟ್ಟರೆ ಚಿತ್ರ ನೋಡುವವರು ಯಾರು?

ಇನ್ನು ಎಲ್ಲರೂ ಗೊಣಗಿದ ಬದಲಾವಣೆ. ಚಲನೆಯ ಪಾಠದಲ್ಲಿ ಮೂರು ಸಮೀಕರಣಗಳಿವೆ. ಒಂದು ಸಮೀಕರಣ ಕಲಿಸು, ಅದರ ಮೇಲೆ ಎಂಟು ಲೆಕ್ಕ ಕೊಡು, ಮುಂದಿನದಕ್ಕೆ ಹೋಗು ಎಂಬುದು ಪುಸ್ತಕದ ಕ್ರಮ. ಹೀಗೆ ಮಾಡಿದರೆ ಮನೆಗೆಲಸ ಅಚ್ಚುಕಟ್ಟಾಗಿ ಬರುತ್ತದೆ, ಏಕೆಂದರೆ ಯಾವ ಸಮೀಕರಣ ಎಂದು ಯಾರೂ ಯೋಚಿಸಬೇಕಿಲ್ಲ, ಶೀರ್ಷಿಕೆಯಲ್ಲೇ ಇದೆ. ಪರೀಕ್ಷೆಯಲ್ಲಿ ಶೀರ್ಷಿಕೆ ಇರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಘನಫಲದ ಲೆಕ್ಕಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದೊಂದೇ ಬಗೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು. ಬೆರೆಸಿ ಮಾಡಿದವರು ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರಿಗೆ ಶೇ. 20, ಬೆರೆಸಿ ಮಾಡಿದವರಿಗೆ ಶೇ. 63.

ಹಾಗಾಗಿ ನನ್ನ ಮನೆಗೆಲಸದ ಹಾಳೆಯಲ್ಲಿ ಈಗ ಎಲ್ಲವೂ ಕಲಬೆರಕೆ. ಕೆಲವು ಲೆಕ್ಕಗಳನ್ನು ಬಿಡಿಸುವುದೇ ಬೇಡ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಯಾವ ಸಮೀಕರಣ, ಏಕೆ ಎಂದು ಬರೆದರೆ ಸಾಕು. "ಕಾಲ ಕೊಟ್ಟಿಲ್ಲ, ಕೇಳಿಯೂ ಇಲ್ಲ, ಅದಕ್ಕೆ ಮೂರನೆಯದು" ಎಂಬ ಒಂದು ಸಾಲು ನನಗೆ ಎಂಟು ಸರಿಯುತ್ತರಗಳಿಗಿಂತ ಹೆಚ್ಚು ಹೇಳುತ್ತದೆ. "ಮೇಡಂ, ಮೊದಲೆಲ್ಲ ಹೋಂವರ್ಕ್ ಬರುತ್ತಿತ್ತು, ಈಗ ಬರುತ್ತಿಲ್ಲ" ಎಂದು ಮಕ್ಕಳು ದೂರಿದರು. ಮನೆಯವರೂ ಬಂದು ಅದನ್ನೇ ಹೇಳಿದರು. ತಪ್ಪುಗಳು ಹೆಚ್ಚಾಗಿರುವುದು ನಿಜ, ಅದೇ ಉದ್ದೇಶ ಎಂದು ಪೋಷಕರ ಸಭೆಯಲ್ಲಿ ಹೇಳಲು ಸ್ವಲ್ಪ ದಪ್ಪ ಚರ್ಮ ಬೇಕು. ಒಂದು ಎಚ್ಚರ: ಮೂರು ಸಮೀಕರಣಗಳಲ್ಲಿ ಪ್ರತಿಯೊಂದನ್ನೂ ಒಂದೆರಡು ಸಲ ಬಿಡಿಯಾಗಿ ಮಾಡಿಸದೆ ಬೆರೆಸಬಾರದು. ಏನೂ ಗೊತ್ತಿಲ್ಲದವರಿಗೆ ಬೆರಕೆ ಬರೀ ಗೊಂದಲ.

ತಪ್ಪಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ದ್ಯುತಿಸಂಶ್ಲೇಷಣೆಯ ಪಾಠಕ್ಕೆ ಮುಂಚೆ ಕೇಳುತ್ತೇನೆ: ದೊಡ್ಡ ಮರವೊಂದರ ಒಣಗಿದ ಕಟ್ಟಿಗೆಯ ದ್ರವ್ಯರಾಶಿಯಲ್ಲಿ ಹೆಚ್ಚಿನ ಭಾಗ ಎಲ್ಲಿಂದ ಬಂತು? ಉತ್ತರದ ಪಕ್ಕ ತಮಗೆಷ್ಟು ಖಚಿತ ಎಂದು ಒಂದರಿಂದ ಐದರೊಳಗೆ ಒಂದು ಅಂಕಿ ಬರೆಯಬೇಕು. ಹೆಚ್ಚಿನವರು ಬರೆಯುವುದು 'ಮಣ್ಣಿನಿಂದ', ಪಕ್ಕದಲ್ಲಿ ಐದು. ಆಮೇಲೆ ಹದಿನೇಳನೆಯ ಶತಮಾನದ ವಿಜ್ಞಾನಿ ವ್ಯಾನ್ ಹೆಲ್ಮಾಂಟ್ ಅವರ ವಿಲ್ಲೊ ಗಿಡದ ಲೆಕ್ಕ ಹೇಳುತ್ತೇನೆ. 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ಗಿಡ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದರು. ಮರ ಸುಮಾರು 169 ಪೌಂಡ್ ಆಯಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಎರಡು ಔನ್ಸ್ ಮಾತ್ರ. ಎಲ್ಲವೂ ನೀರಿನಿಂದಲೇ ಬಂತು ಎಂದು ಅವರು ತೀರ್ಮಾನಿಸಿದರು. 1648ರಲ್ಲಿ ಪ್ರಕಟವಾದ ಆ ತೀರ್ಮಾನವೂ ಅರ್ಧ ತಪ್ಪೇ ಎಂಬುದು ಮಕ್ಕಳಿಗೆ ಇನ್ನಷ್ಟು ಖುಷಿ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಎಂಬ ಉತ್ತರ ಬರುವ ಹೊತ್ತಿಗೆ ತರಗತಿಯಲ್ಲಿ ಪಿಸುಮಾತೂ ಇರುವುದಿಲ್ಲ. ಖಚಿತವಾಗಿ ನಂಬಿದ್ದು ಸುಳ್ಳಾದಾಗ ತಿದ್ದುಪಡಿ ಹೆಚ್ಚು ಗಟ್ಟಿಯಾಗಿ ಕೂರುತ್ತದೆ ಎಂದು ಬ್ರೇಡಿ ಬಟರ್‌ಫೀಲ್ಡ್ ಮತ್ತು ಜಾನೆಟ್ ಮೆಟ್‌ಕಾಫ್ 2001ರಲ್ಲಿ ತೋರಿಸಿದ್ದಾರೆ. ಅಚ್ಚರಿಗೊಂಡ ಮೆದುಳು ಗಮನ ಕೊಡುತ್ತದೆ. ಪಕ್ಕದಲ್ಲಿ ಅಂಕಿ ಬರೆಸುವುದು ಆ ಅಚ್ಚರಿಗಾಗಿಯೇ. ಬರೆಸದಿದ್ದರೆ ಆಮೇಲೆ ಎಲ್ಲರೂ "ನನಗೆ ಗೊತ್ತಿತ್ತು" ಎನ್ನುತ್ತಾರೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಅವರ ಮೂರು ಸೆಕೆಂಡಿನ ನಿಯಮ ಹೇಳಲು ಸುಲಭ, ಪಾಲಿಸಲು ಕಷ್ಟ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು 1970ರ ದಶಕದಲ್ಲಿ ಅವರು ಕಂಡುಕೊಂಡರು. ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಮೌನವಾಗಿದ್ದವರೂ ಬಾಯಿಬಿಡುತ್ತಾರೆ. ನಾನು ಬೆನ್ನ ಹಿಂದೆ ಬೆರಳು ಎಣಿಸುತ್ತೇನೆ.

ಓದಿದ್ದರಲ್ಲಿ ಎಸೆದದ್ದೂ ಬಹಳ. ಒಂದು ತರಬೇತಿಯಲ್ಲಿ ನಮಗೆ ಪ್ರಶ್ನಾವಳಿ ಕೊಟ್ಟು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಮೂರು ಬಣ್ಣದ ಬ್ಯಾಡ್ಜ್ ಹಂಚಿದರು. ಮಧ್ಯಾಹ್ನದ ನಂತರ ಎಡಮೆದುಳಿನವರು, ಬಲಮೆದುಳಿನವರು ಎಂಬ ವಿಂಗಡಣೆ. ಕಲಿಕಾ ಶೈಲಿಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಆಧಾರವಿಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಸವಿವರವಾಗಿ ಬರೆದಿದ್ದಾರೆ. ಆದರೂ 2012ರಲ್ಲಿ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್ ಶಿಕ್ಷಕರನ್ನು ಕೇಳಿದಾಗ ಶೇ. 90ಕ್ಕಿಂತ ಹೆಚ್ಚಿನವರು ಅದನ್ನು ನಂಬಿದ್ದರು. ಹೋಗಲಿ ಬಿಡಿ ಎನ್ನುವಂತಿಲ್ಲ, ಏಕೆಂದರೆ ಅದು ಮಕ್ಕಳ ಬಾಯಿಗೂ ಬರುತ್ತದೆ. "ಮೇಡಂ, ನಾನು ನೋಡಿ ಕಲಿಯುವವಳು, ಓದಿದರೆ ನನಗೆ ಹತ್ತುವುದಿಲ್ಲ" ಎಂದು ಎಂಟನೆಯ ತರಗತಿಯ ಹುಡುಗಿ ಹೇಳಿದಾಗ ಬ್ಯಾಡ್ಜಿನ ಬೆಲೆ ಗೊತ್ತಾಗುತ್ತದೆ. ಹೃದಯಕ್ಕೆ ಚಿತ್ರ ಬೇಕು, ಶಬ್ದದ ಪಾಠಕ್ಕೆ ಕಿವಿ ಬೇಕು, ಸೂಕ್ಷ್ಮದರ್ಶಕವನ್ನು ಕೈಯಿಂದಲೇ ಹೊಂದಿಸಬೇಕು. ಇದು ಪಾಠದ ಗುಣ, ಎಲ್ಲ ಮಕ್ಕಳಿಗೂ ಒಂದೇ.

ಸ್ಕ್ಯಾನ್ ಚಿತ್ರಗಳ ಬಗ್ಗೆಯೂ ನನಗೆ ಈಗ ಹೆಚ್ಚಿನ ಮೋಹವಿಲ್ಲ. ಜಾನ್ ಬ್ರೂಯರ್ 1997ರಲ್ಲೇ ಎಚ್ಚರಿಸಿದ್ದರು: ನರಕೋಶದಿಂದ ನೇರವಾಗಿ ತರಗತಿಗೆ ಸೇತುವೆ ಕಟ್ಟುವುದು ಬಹಳ ದೂರದ ಮಾತು, ನಡುವೆ ಮನೋವಿಜ್ಞಾನ ಎಂಬ ಕಂಬ ಬೇಕೇ ಬೇಕು. ನಾನು ಮೇಲೆ ಹೇಳಿದ್ದರಲ್ಲಿ ಬಹುಪಾಲು ಬಂದದ್ದು ಆ ಕಂಬದಿಂದಲೇ, ಕಾಗದ ಪೆನ್ಸಿಲಿನ ಪ್ರಯೋಗಗಳಿಂದ. ಮೆದುಳಿನ ಹೆಸರು ಹಾಕಿದರೆ ಸಹೋದ್ಯೋಗಿಗಳು ಕೇಳಿಸಿಕೊಳ್ಳುತ್ತಾರೆ ಎಂಬ ಕಾರಣಕ್ಕೆ ಆ ಹೆಸರನ್ನು ಉಳಿಸಿಕೊಂಡಿದ್ದೇನೆ, ಅಷ್ಟೇ.

ಅವರು ಕೇಳಿಸಿಕೊಂಡ ಮೇಲೆ ಕೇಳುವ ಪ್ರಶ್ನೆ ಒಂದೇ: "ಹೀಗೆ ಮಾಡಿದರೆ ಪಾಠ ಮುಗಿಯುತ್ತದೆಯೇ?" ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಐದು ನಿಮಿಷ ಎಂದರೆ ಎಂಟನೆಯ ಒಂದು ಭಾಗ, ಸಣ್ಣದೇನಲ್ಲ. ನಾನು ಅದನ್ನು ನೋಟ್ಸ್ ಬರೆಸುವುದರಿಂದ ಕಿತ್ತುಕೊಂಡೆ. ಮೊದಲು ಬೋರ್ಡಿನ ಮೇಲಿದ್ದದ್ದನ್ನು ಮಕ್ಕಳು ಸಾಲು ಸಾಲಾಗಿ ಇಳಿಸಿಕೊಳ್ಳುತ್ತಿದ್ದರು, ಅದಕ್ಕೆ ಹತ್ತು ನಿಮಿಷ ಹೋಗುತ್ತಿತ್ತು. ಈಗ ಅಚ್ಚು ಹಾಕಿದ ಅರ್ಧ ಪುಟದ ಸಾರಾಂಶ ಕೊಡುತ್ತೇನೆ, ಅದರಲ್ಲೂ ನಡುನಡುವೆ ಖಾಲಿ ಬಿಟ್ಟಿರುತ್ತೇನೆ. ಪರೀಕ್ಷೆಗೆ ಮುಂಚಿನ ಪುನರಾವರ್ತನೆಯ ವಾರಗಳು ಅರ್ಧಕ್ಕೆ ಇಳಿದಿವೆ, ಏಕೆಂದರೆ ಪುನರಾವರ್ತನೆ ವರ್ಷವಿಡೀ ನಡೆದಿರುತ್ತದೆ. ಹಾಗಿದ್ದೂ ಒಂದು ಅಧ್ಯಾಯ ಅವಸರದಲ್ಲೇ ಮುಗಿಯುತ್ತದೆ. ಸಾಮಾನ್ಯವಾಗಿ ಅದು ಕೊನೆಯ ಅಧ್ಯಾಯ. ಈ ವರ್ಷ ಅದನ್ನು ನಡುವಿಗೆ ತಂದು, ಮಕ್ಕಳು ಹೇಗೂ ಸುಲಭವಾಗಿ ಓದಿಕೊಳ್ಳುವ ನೈಸರ್ಗಿಕ ಸಂಪನ್ಮೂಲಗಳ ಪಾಠವನ್ನು ಕೊನೆಗೆ ತಳ್ಳಿದ್ದೇನೆ. ಬರೆಯಲು ನಿಧಾನವಾದ ಮಕ್ಕಳಿಗೆ ನಾಲ್ಕು ಪ್ರಶ್ನೆಗಳೂ ಐದು ನಿಮಿಷದಲ್ಲಿ ಮುಗಿಯುವುದಿಲ್ಲ ಎಂಬ ತೊಡಕು ಉಳಿದಿದೆ. ಸದ್ಯಕ್ಕೆ ಅವರು ಯಾವುದಾದರೂ ಎರಡನ್ನು ಆರಿಸಿಕೊಂಡು ಬರೆಯಬಹುದು, ಆದರೆ ಆ ಎರಡರಲ್ಲಿ ಒಂದು ಹಳೆಯ ಪಾಠದ್ದೇ ಆಗಿರಬೇಕು.